ನಿಮ್ಮ ವೇದಿಕೆಯ ಒಂದು ಗಂಟೆ

ರಾಜ್ಯೋತ್ಸವ ಸಮಿತಿಗಳ, ಕಾಲೇಜು ಸಾಂಸ್ಕೃತಿಕ ಸಂಘಗಳ, ಹೊರನಾಡು ಕನ್ನಡ ಕೂಟಗಳ ಪದಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ನವೆಂಬರ್ ಇನ್ನೂ ದೂರವಿದೆ ಅನ್ನುವಾಗಲೇ ನಿಮ್ಮ ಸಭೆಗಳು ಶುರುವಾಗುತ್ತವೆ. ಚಂದಾ ರಸೀದಿ ಪುಸ್ತಕ ಅಚ್ಚಿಗೆ ಹೋಗುತ್ತದೆ, ಶಾಮಿಯಾನದವರ ಹತ್ತಿರ ಚೌಕಾಸಿ ನಡೆಯುತ್ತದೆ, ಮುಖ್ಯ ಅತಿಥಿ ಯಾರಾಗಬೇಕೆಂದು ಸಮಿತಿಯಲ್ಲಿ ಎರಡು ಗುಂಪಾಗುತ್ತದೆ. ಸಂಜೆಯ ಹಾಡಿನ ಕಾರ್ಯಕ್ರಮದ ಬಗ್ಗೆ ಮಾತ್ರ ಚರ್ಚೆಯೇ ಆಗುವುದಿಲ್ಲ. ಹೋದ ವರ್ಷ ಬಂದಿದ್ದ ಆರ್ಕೆಸ್ಟ್ರಾದವರಿಗೆ ಫೋನ್ ಹೋಗುತ್ತದೆ. ಈ ಸಲ ರೇಟು ಸ್ವಲ್ಪ ಜಾಸ್ತಿ ಅನ್ನುತ್ತಾರೆ, ನೀವು ಆಗಲಿ ಅನ್ನುತ್ತೀರಿ, ಅಲ್ಲಿಗೆ ಮುಗಿಯಿತು. ಆ ಫೋನ್ ಹೋಗುವ ಮುಂಚೆಯೇ ಈ ಪತ್ರ ನಿಮ್ಮ ಕೈಸೇರಲಿ ಎಂದು ಈಗಲೇ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. ಮೂರು ಗಂಟೆಯ ಸಂಜೆಯಲ್ಲಿ ಒಂದು ಗಂಟೆಯನ್ನು, ತಮ್ಮದೇ ಹಾಡು ಕಟ್ಟಿ ಹಾಡುವವರಿಗೆ ಕೊಡಿ. ಸಿನಿಮಾಕ್ಕೆಂದಲ್ಲದೆ, ಯಾವ ಕಂಪನಿಯೂ ಕೇಳದೆ, ಕೈಯಿಂದ ದುಡ್ಡು ಹಾಕಿ ರೆಕಾರ್ಡ್ ಮಾಡಿ, ಊರೂರು ತಿರುಗಿ ಹಾಡುತ್ತಿರುವವರು ಇವತ್ತು ಕನ್ನಡದಲ್ಲಿ ಬಹಳ ಮಂದಿ ಇದ್ದಾರೆ. ಅವರನ್ನು ಹುಡುಕಿ ಕೇಳಿ, ಕರೆಸಿ, ನಿಮ್ಮ ಊರಿನವರಿಗೆ ಕೇಳಿಸಿ. ಈ ಕೆಲಸವನ್ನು ನಿಮ್ಮಷ್ಟು ಚೆನ್ನಾಗಿ ಮಾಡಬಲ್ಲವರು ಬೇರೆ ಯಾರೂ ಇಲ್ಲ.

ಸಿನಿಮಾ ಹಾಡಿನ ಮೇಲೆ ನನಗೆ ಮುನಿಸೇನೂ ಇಲ್ಲ. ಅಣ್ಣಾವ್ರ ಹಾಡಿಲ್ಲದ ರಾಜ್ಯೋತ್ಸವ ನನಗೂ ಬೇಡ. ಆದರೆ ನಿಮ್ಮ ಕಾರ್ಯಕ್ರಮ ಯಾವುದರಿಂದ ಆರಂಭವಾಗುತ್ತದೆ ನೋಡಿ. ನಾಡಗೀತೆಯಿಂದ. ಕುವೆಂಪು ಬರೆದ ಆ ಗೀತೆಯನ್ನು ಯಾವ ಧಾಟಿಯಲ್ಲಿ ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು ಅಧಿಕೃತವೆಂದು ಒಪ್ಪಿಕೊಂಡಿತು. ಅನಂತಸ್ವಾಮಿಯವರಿಗೆ ಹೆಸರು ತಂದದ್ದು ಸಿನಿಮಾ ಅಲ್ಲ. ಹಾರ್ಮೋನಿಯಂ ಮುಂದೆ ಕೂತು, ಕವಿಗಳ ಸಾಲುಗಳಿಗೆ ತಾವೇ ರಾಗ ಹಚ್ಚಿ, ಸಭೆ ಸಮಾರಂಭಗಳಲ್ಲಿ ಜನರೆದುರು ಹಾಡಿ ಹಾಡಿ ಬೆಳೆದವರು ಅವರು. ನಿಸಾರ್ ಅಹಮದರ ಗೀತೆಗಳಿಗೆ ಅವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದಾಗ, ಭಾವಗೀತೆಗಳದ್ದೇ ಒಂದು ಕ್ಯಾಸೆಟ್ ಅನ್ನುವುದು ಕನ್ನಡದಲ್ಲಿ ಹೊಸ ವಿಷಯ. ಅವರಿಗಿಂತ ಹಿಂದೆ ಪಿ. ಕಾಳಿಂಗರಾಯರು ಸೋಹನಕುಮಾರಿ, ಮೋಹನಕುಮಾರಿಯರೊಂದಿಗೆ ನಾಡೆಲ್ಲ ಸುತ್ತಿ ಹಾಡಿದ್ದರು. ಉತ್ತರದ ಕಡೆ ಹುಕ್ಕೇರಿ ಬಾಳಪ್ಪನವರು ಲಾವಣಿ, ಜಾನಪದ, ಭಾವಗೀತೆ ಮೂರನ್ನೂ ಒಂದೇ ಕಂಠದಲ್ಲಿ ಹೊತ್ತು ತಿರುಗಿದ್ದರು. ಶಿಶುನಾಳ ಶರೀಫರ ಪದಗಳು ಇವತ್ತು ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಕ್ಕಳ ಬಾಯಲ್ಲೂ ಇವೆ ಎಂದರೆ ಅದರಲ್ಲಿ ದೊಡ್ಡ ಪಾಲು ಸಿ. ಅಶ್ವತ್ಥರದು. 2005ರಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಬೆಂಗಳೂರಿನ ಅರಮನೆ ಮೈದಾನ ತುಂಬಿ ತುಳುಕಿದಾಗ ಜನ ಕೇಳಲು ಬಂದದ್ದು ಕವಿತೆಗಳನ್ನು.

ಇಷ್ಟೆಲ್ಲ ಹೇಳಿದ್ದು ಹಳೆಯ ವೈಭವ ನೆನೆಯುವುದಕ್ಕಲ್ಲ. ನಾವು ಇವತ್ತು ‘ನಮ್ಮ ಹಾಡು’ ಎಂದು ಎದೆ ತಟ್ಟಿಕೊಳ್ಳುವ ಹಾಡುಗಳಲ್ಲಿ ಎಷ್ಟೋ ಹಾಡುಗಳನ್ನು ಮೊದಲು ಕೇಳಿಸಿದ್ದು ನಿಮ್ಮಂಥದೇ ಸಮಿತಿಗಳು. ಗಣೇಶನ ಪೆಂಡಾಲು, ನಾಡಹಬ್ಬದ ವೇದಿಕೆ, ಕಾಲೇಜಿನ ಕರ್ನಾಟಕ ಸಂಘ, ಮುಂಬೈ ದೆಹಲಿಗಳ ಕನ್ನಡ ಸಂಘ. ಯಾರೋ ಒಬ್ಬ ಕಾರ್ಯದರ್ಶಿ ಧೈರ್ಯ ಮಾಡಿ, ಇನ್ನೂ ಹೆಸರಾಗದ ಗಾಯಕರನ್ನು ಕರೆಸಿದ್ದರು. 70 ಮತ್ತು 80ರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿಯ, ‘ಸಮುದಾಯ’ ಸಂಘಟನೆಯ ಹೋರಾಟದ ಹಾಡುಗಳು ತಮಟೆಯ ಜೊತೆ ಕೇರಿ ಕೇರಿ ತಲುಪಿದ್ದೂ ಹಾಗೆಯೇ. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸರಂಥವರ ದನಿ ಬೆಳೆದದ್ದು ಅಂಥ ಜಾಗಗಳಲ್ಲಿ. ಆ ಕೊಂಡಿ ಈಗ ಸಡಿಲವಾಗಿದೆ. ಹಾಡುವವರು ಕಡಿಮೆಯಾಗಿಲ್ಲ, ಕರೆಯುವವರು ಕಡಿಮೆಯಾಗಿದ್ದಾರೆ.

‘ಈಗ ಮೊಬೈಲ್ ಇದೆಯಲ್ಲ, ಬೇಕಾದವರು ಕೇಳಿಕೊಳ್ಳುತ್ತಾರೆ’ ಎಂದು ನೀವು ಹೇಳಬಹುದು. ಮೊಬೈಲಿನಲ್ಲಿ ಎಲ್ಲವೂ ಇದೆ, ನಿಜ. ಆದರೆ ಅದು ನಮ್ಮ ಮುಂದೆ ತಂದಿಡುವುದು ಏನನ್ನು? ಸ್ಪಾಟಿಫೈ, ಯೂಟ್ಯೂಬ್, ಜಿಯೋಸಾವನ್ ಯಾವುದನ್ನೇ ತೆರೆಯಿರಿ, ಕನ್ನಡ ಎಂದು ಒತ್ತಿದ ಕೂಡಲೇ ಬರುವುದು ಹೊಸ ಸಿನಿಮಾಗಳ ಪೋಸ್ಟರು. ಈಗಾಗಲೇ ಬಹಳ ಜನ ಕೇಳಿದ್ದನ್ನು, ನೀವೇ ನಿನ್ನೆ ಕೇಳಿದ್ದಕ್ಕೆ ಹತ್ತಿರವಾದದ್ದನ್ನು ಅದು ಮುಂದಿಡುತ್ತದೆ. ಸಂತೆಯಲ್ಲಿ ಗಿರಾಕಿ ಕಿಕ್ಕಿರಿದ ಅಂಗಡಿಗೇ ಮತ್ತಷ್ಟು ಗಿರಾಕಿಗಳನ್ನು ಕರೆದೊಯ್ಯುವ ದಲ್ಲಾಳಿಯ ಕೆಲಸ ಅದರದು. ಬಳ್ಳಾರಿಯಲ್ಲೋ ಮಡಿಕೇರಿಯಲ್ಲೋ ಕೂತು ಮೊದಲ ಹಾಡು ಹಾಕಿದ ಹುಡುಗಿಯ ಹತ್ತಿರ ಅದು ನಮ್ಮನ್ನು ಕರೆದೊಯ್ಯುವುದು ಅಪರೂಪ. ದುಡ್ಡಿನ ಲೆಕ್ಕವೂ ಹಾಗೆಯೇ. 2024ರಿಂದ ಸ್ಪಾಟಿಫೈಯಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1000 ಸಲ ಕೇಳಿಸಿಕೊಳ್ಳದ ಹಾಡಿಗೆ ರಾಯಧನದಲ್ಲಿ ಪಾಲೇ ಇಲ್ಲ. ಒಂದು ಡಿಗ್ರಿ ಕಾಲೇಜಿನ ಮೈದಾನದಲ್ಲಿ ಕೂತ ವಿದ್ಯಾರ್ಥಿಗಳು ರಾತ್ರಿ ಮನೆಗೆ ಹೋಗಿ ಆ ಹಾಡನ್ನು ಒಂದೊಂದು ಸಲ ಹುಡುಕಿ ಕೇಳಿದರೂ ಆ ಗಡಿ ದಾಟುತ್ತದೆ. ಒಬ್ಬ ಕೇಳುಗ ಒಂಟಿಯಾಗಿ ಮಾಡಲಾಗದ ಈ ಕೆಲಸ ಒಂದು ವೇದಿಕೆಗೆ ಒಂದೇ ಸಂಜೆಯಲ್ಲಿ ಸಾಧ್ಯ.

ಇನ್ನೂ ಒಂದು ವ್ಯತ್ಯಾಸವಿದೆ. ಮೊಬೈಲಿನಲ್ಲಿ ಇಷ್ಟವಾಗದ ಹಾಡನ್ನು ಹತ್ತು ಸೆಕೆಂಡಿಗೆ ದಾಟಿಸಿಬಿಡುತ್ತೇವೆ. ಕುರ್ಚಿ ಹಾಕಿಕೊಂಡು ಕೂತ ಮೈದಾನದಲ್ಲಿ ಎದುರಿಗಿರುವ ಮನುಷ್ಯರನ್ನು ಹಾಗೆ ದಾಟಿಸಲು ಬರುವುದಿಲ್ಲ. ಹೊಸ ಹಾಡಿಗೆ ಬೇಕಾದದ್ದು ಆ ಮೊದಲ ಎರಡು ಮೂರು ನಿಮಿಷದ ಸಹನೆ. ಹಳೆ ಮೈಸೂರು ಕಡೆಯ ಒಂದು ತಾಲ್ಲೂಕು ಕಾಲೇಜಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ವಿದ್ಯಾರ್ಥಿಗಳ ಡ್ಯಾನ್ಸ್ ಮುಗಿದು, ಶಿಳ್ಳೆ ಚಪ್ಪಾಳೆ ಇನ್ನೂ ಇಳಿಯದ ಹೊತ್ತಿನಲ್ಲಿ ತತ್ವಪದ ಹಾಡುವ ಇಬ್ಬರು ಏಕತಾರಿ, ದಮ್ಮಡಿ ಹಿಡಿದು ವೇದಿಕೆಗೆ ಬಂದರು. ಹುಡುಗರು ಮೊದಲ ಪದ ಮುಗಿಯುವ ತನಕ ಗಲಾಟೆ ಮಾಡಿದರು. ಎರಡನೆಯ ಪದಕ್ಕೆ ಹಿಂದಿನ ಸಾಲಿನವರು ತಾಳ ಹಾಕತೊಡಗಿದರು. ನಾಲ್ಕನೆಯದಕ್ಕೆ ಪಲ್ಲವಿ ಇಡೀ ಮೈದಾನದ್ದಾಗಿತ್ತು. ಆಮೇಲೆ ಮೆಸ್ಸಿನ ಮುಂದೆ ಹುಡುಗರು ಆ ಹಾಡುಗಾರರನ್ನು ಸುತ್ತುವರಿದು ಕೇಳಿದ ಪ್ರಶ್ನೆ, ‘ಸರ್, ಇದು ಯೂಟ್ಯೂಬಲ್ಲಿ ಏನಂತ ಹುಡುಕಿದ್ರೆ ಸಿಗುತ್ತೆ?’ ಹಾಡು ಮೊದಲು ವೇದಿಕೆಯಿಂದ ಬಂತು, ಮೊಬೈಲು ಆಮೇಲೆ ಬಂತು. ಈ ಕ್ರಮವೇ ಸರಿ.

ಹಾಗಾದರೆ ಯಾರನ್ನು ಕೇಳಬೇಕು? ನನಗೆ ಗೊತ್ತಿರುವ ಕೆಲವರ ಹೆಸರು ಹೇಳುತ್ತೇನೆ. ಇದು ನನ್ನ ರುಚಿ, ನನ್ನ ಓಡಾಟದ ಮಿತಿಯೊಳಗಿನ ಆಯ್ಕೆ.

ಬ್ಯಾಂಡ್ ಸಂಗೀತ ಎಂದರೆ ಇಂಗ್ಲಿಷಿನ ಗದ್ದಲ ಎಂದು ತಿಳಿದವರು ನಿಮ್ಮ ಸಮಿತಿಯಲ್ಲಿದ್ದರೆ ಅವರಿಗೆ ಸ್ವರಾತ್ಮ ತಂಡದ ‘ಈ ಭೂಮಿ’ ಕೇಳಿಸಿ. 2009ರಲ್ಲಿ ಬಂದ ಅವರ ಮೊದಲ ಆಲ್ಬಂನ ಹಾಡು. ವಾಸು ದೀಕ್ಷಿತರ ಗಂಟಲು, ಪಿಟೀಲು, ಗಿಟಾರು, ಡ್ರಮ್ಸು ಎಲ್ಲ ಸೇರಿಯೂ ಅದು ನಮ್ಮ ಮಣ್ಣಿನ ಹಾಡಾಗಿಯೇ ಉಳಿಯುತ್ತದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಲುಂಗಿ, ಗೆಜ್ಜೆ, ಗಿಟಾರಿನೊಂದಿಗೆ ಶರೀಫರ ಪದಗಳನ್ನು ಹಾಡುತ್ತಾ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದ ತನಕ ಹೋದವರು. ಅವರನ್ನು ಈಗ ಯಾರೂ ಹೊಸದಾಗಿ ಪರಿಚಯಿಸಬೇಕಿಲ್ಲ. ಆದರೆ ಅವರೂ ಒಂದು ಕಾಲಕ್ಕೆ ಸಣ್ಣ ಸಣ್ಣ ಜಾಗಗಳಲ್ಲಿ ಹಾಡಿಕೊಂಡಿದ್ದವರು, ಆಗ ಕರೆದು ಕೂರಿಸಿ ಕೇಳಿದವರಿದ್ದರು ಎಂಬುದನ್ನು ಮರೆಯಬಾರದು.

ಬಿಂದುಮಾಲಿನಿ ನನಗೆ ಬಹಳ ಮುಖ್ಯರಾದ ಹಾಡುಗಾರ್ತಿ. ‘ನಾತಿಚರಾಮಿ’ ಚಿತ್ರದ ‘ಮಾಯಾವಿ ಮನವೆ’ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಬಹಳ ಜನ ಅವರ ಹೆಸರನ್ನು ಮೊದಲ ಸಲ ಕೇಳಿದರು. ಅದಕ್ಕೂ ಎಷ್ಟೋ ವರ್ಷ ಮುಂಚಿನಿಂದ ಅವರು ವೇದಾಂತ್ ಭಾರದ್ವಾಜರ ಜೊತೆ ಕಬೀರನನ್ನು ಹಾಡುತ್ತಿದ್ದರು. ಸಿನಿಮಾ ಅವರನ್ನು ಹುಟ್ಟಿಸಲಿಲ್ಲ, ಸಿನಿಮಾ ಅವರನ್ನು ಕಂಡುಕೊಂಡಿತು. ನೀವು ಸಿನಿಮಾಕ್ಕಿಂತ ಮೊದಲೇ ಕಂಡುಕೊಳ್ಳಬಹುದಾದವರು ಇವತ್ತೂ ಎಲ್ಲೋ ಹಾಡುತ್ತಿದ್ದಾರೆ. ವಾರಿಜಶ್ರೀ ವೇಣುಗೋಪಾಲ್ ಕೊಳಲು, ಕರ್ನಾಟಕ ಸಂಗೀತ, ಜಾಝ್ ಮೂರನ್ನೂ ಉಸಿರಿನಷ್ಟು ಸಲೀಸಾಗಿ ಬೆಸೆಯಬಲ್ಲವರು. 2024ರಲ್ಲಿ ಅವರ ‘ವಾರಿ’ ಆಲ್ಬಂ ಅನ್ನು ಅಮೆರಿಕದ ಸ್ನಾರ್ಕಿ ಪಪ್ಪಿ ತಂಡದ ಮೈಕೆಲ್ ಲೀಗ್ ನಿರ್ಮಿಸಿದರು. ಬೆಂಗಳೂರಿನ ಈ ಹೆಣ್ಣುಮಗಳ ಹೆಸರು ನ್ಯೂಯಾರ್ಕಿನ ಸಂಗೀತಗಾರರಿಗೆ ಗೊತ್ತು, ನಮ್ಮ ಬಡಾವಣೆಯ ಸಮಿತಿಗೆ ಗೊತ್ತಿಲ್ಲ ಎಂದಾಗಬಾರದು.

ಕಲಬುರಗಿ ಕಡೆಯ ಶಿಲ್ಪಾ ಮುಡಬಿ, ಅರ್ಬನ್ ಫೋಕ್ ಪ್ರಾಜೆಕ್ಟ್ ಎಂಬ ಪ್ರಯತ್ನದ ಮೂಲಕ ಎಲ್ಲಮ್ಮನ ಪದಗಳನ್ನು ಜೋಗತಿಯರಿಂದಲೇ ಕಲಿತು ಹಾಡುತ್ತಾರೆ. ಚೌಡಿಕೆಯ ಆ ನಾದವನ್ನು ಎದುರಿಗೆ ಕೂತು ಕೇಳಬೇಕು. ಮೊಬೈಲಿನ ಸ್ಪೀಕರಿಗೆ ಅದು ದಕ್ಕುವುದಿಲ್ಲ. ನಾದ ಮಣಿನಾಲ್ಕೂರು ಅವರದು ಇನ್ನೊಂದು ಬಗೆ. ದೀಪ ಆರಿಸಿ, ಕತ್ತಲಲ್ಲಿ ಜನರ ನಡುವೆ ಕೂತು ಹಾಡುವ ‘ಕತ್ತಲ ಹಾಡು’ ಕಾರ್ಯಕ್ರಮವನ್ನು ಅವರು ನಾಡಿನ ಎಷ್ಟೋ ಊರುಗಳಿಗೆ ಒಯ್ದಿದ್ದಾರೆ. ಜನರೇಟರು, ಫ್ಲಡ್‌ಲೈಟು ಎಂದು ತಲೆ ಕೆಡಿಸಿಕೊಳ್ಳುವ ನಮಗೆ ಅದು ದೊಡ್ಡ ಬಿಡುಗಡೆ. ನಿಮ್ಮ ಊರಿನ ಗ್ರಂಥಾಲಯದಲ್ಲೋ ಹಳೆಯ ತೊಟ್ಟಿಮನೆಯಲ್ಲೋ ಅಂಥದ್ದೊಂದು ಸಂಜೆ ಮಾಡಿದರೆ ಖರ್ಚೂ ಕಡಿಮೆ, ಕೇಳುವವರ ಮನಸ್ಸಿನಲ್ಲಿ ಉಳಿಯುವುದೂ ಹೆಚ್ಚು.

ಬೆಂಗಳೂರಿನ ಹೆಸರುಗಳೇ ಹೆಚ್ಚಾದವು ಎಂದು ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಮುಖ ಸಿಂಡರಿಸುವ ಮೊದಲೇ ಹೇಳಿಬಿಡುತ್ತೇನೆ: ಸ್ವತಂತ್ರ ಸಂಗೀತ ಎಂಬ ಮಾತಿಗೆ ಇಡೀ ಕರ್ನಾಟಕದಲ್ಲಿ ಎಲ್ಲಕ್ಕಿಂತ ದೊಡ್ಡ ಉದಾಹರಣೆ ನಿಮ್ಮಲ್ಲೇ ಇದೆ. ಗುರುರಾಜ ಹೊಸಕೋಟೆಯವರ ಕ್ಯಾಸೆಟ್ಟುಗಳ ಕಾಲದಿಂದ ಬಂದ ಆ ದಾರಿಯಲ್ಲಿ ಇವತ್ತು ಹೊಲದ ಕೆಲಸ, ಡ್ರೈವಿಂಗ್ ಕೆಲಸ ಮಾಡುವ ಹುಡುಗರು ತಾವೇ ಪದ ಕಟ್ಟುತ್ತಾರೆ. ಹತ್ತಿರದ ಪಟ್ಟಣದ ಸಣ್ಣ ಸ್ಟುಡಿಯೋದಲ್ಲಿ ಕೀಬೋರ್ಡ್ ನುಡಿಸುವವನೊಬ್ಬ ಟ್ರ್ಯಾಕ್ ಮಾಡಿಕೊಡುತ್ತಾನೆ, ಅಲ್ಲೇ ಹಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ಗಳಲ್ಲಿ, ಮದುವೆಯ ಡಿಜೆಗಳಲ್ಲಿ, ಜಾತ್ರೆಯ ರಸಮಂಜರಿಗಳಲ್ಲಿ ಆ ಹಾಡು ಮೊಳಗುತ್ತದೆ. ಮಾಳು ನಿಪನಾಳ, ಪರಸು ಕೋಲೂರ, ಬಾಳು ಬೆಳಗುಂದಿ ಇಂಥವರ ಹೆಸರು ಊರೂರಿಗೆ ಗೊತ್ತಾದದ್ದು ಹೀಗೆ. ಬೆಂಗಳೂರಿನ ಯಾವ ಕಂಪನಿಯೂ ಅವರನ್ನು ‘ಲಾಂಚ್’ ಮಾಡಲಿಲ್ಲ. ಆಮೇಲೆ ಟೀವಿ ಕಾರ್ಯಕ್ರಮಗಳು ಅವರಲ್ಲಿ ಕೆಲವರನ್ನು ಹುಡುಕಿಕೊಂಡು ಬಂದವು. ಬೆಂಗಳೂರು, ಮೈಸೂರು, ಮಂಗಳೂರಿನ ಸಮಿತಿಗಳು ಇವರನ್ನು ‘ಲೋಕಲ್’ ಎಂದು ಬದಿಗೆ ಸರಿಸುವುದನ್ನು ನಾನು ಒಪ್ಪಲಾರೆ. ಹಾಗೆಂದು ಎಲ್ಲವನ್ನೂ ಹೊಗಳಲೂ ಆರೆ. ಈ ಬಗೆಯ ಹಾಡುಗಳಲ್ಲಿ ಹೆಣ್ಣುಮಕ್ಕಳನ್ನು ಹಗುರವಾಗಿ ಆಡಿಕೊಳ್ಳುವ, ಕೈಕೊಟ್ಟಳು ಎಂದು ಬೈಯುವ ಹಾಡುಗಳು ತೀರಾ ಹೆಚ್ಚಾಗಿವೆ. ಅದೇ ಹಾಡುಗಾರರ ಹತ್ತಿರ ತಾಯಿಯ ಮೇಲೆ, ರೈತನ ಸಾಲದ ಮೇಲೆ, ದುಡಿಯಲು ಗೋವಾಕ್ಕೆ ಹೋದವರ ಮೇಲೆ ಕಟ್ಟಿದ ಪದಗಳೂ ಇರುತ್ತವೆ. ‘ನಮ್ಮ ವೇದಿಕೆಯಲ್ಲಿ ಅವನ್ನು ಹಾಡಿ’ ಎಂದು ಕೇಳುವ ಹಕ್ಕು ಕರೆಸುವವರಿಗಿದೆ. ಒಳ್ಳೆಯದನ್ನು ಕೇಳಿ ಪಡೆಯುವುದೂ ಪ್ರೋತ್ಸಾಹವೇ.

ಕನ್ನಡ ರ‍್ಯಾಪ್ ಬಗ್ಗೆ ಹಿರಿಯ ಸದಸ್ಯರಿಗೆ ತಕರಾರಿರುತ್ತದೆ. ಆಲ್ ಓಕೆ ಎಂಬ ಹೆಸರಿನ ಅಲೋಕ್ ಬಾಬು ಅವರ ಹಾಡುಗಳನ್ನು ಒಮ್ಮೆ ಮನೆಯ ಮಕ್ಕಳ ಜೊತೆ ಕೂತು ಕೇಳಿ ನೋಡಿ. ಪ್ರಾಸದ ಮೇಲಿನ ಈ ಹುಡುಗರ ಹಿಡಿತ ಲಾವಣಿಕಾರರದ್ದಕ್ಕೆ ದೂರವೇನಲ್ಲ. ಚೈನು, ಕಾರು, ಕುಡಿತದ ಮೇಲೆ ಬರೆದ ರ‍್ಯಾಪ್ ನನಗೆ ರುಚಿಸುವುದಿಲ್ಲ. ಬಾಡಿಗೆ ಮನೆ, ಸಿಟಿ ಬಸ್ಸು, ಕೆಲಸ ಸಿಗದ ಪದವಿಯ ಮೇಲೆ ಬರೆದದ್ದು ಸಿಕ್ಕರೆ ಬಿಡುವುದಿಲ್ಲ. ಬೆಂಗಳೂರಿನಲ್ಲೇ ಇದ್ದು ಬೇರೆ ನುಡಿಗಳಲ್ಲಿ ಹಾಡುವ ತಂಡಗಳೂ ಇವೆ. 1996ರಿಂದ ಇಂಗ್ಲಿಷಿನಲ್ಲಿ ಹಾಡುತ್ತಿರುವ ಥರ್ಮಲ್ ಅಂಡ್ ಎ ಕ್ವಾರ್ಟರ್, ಉರ್ದು ಮತ್ತು ಕಾಶ್ಮೀರಿ ಹಾಡುಗಳಿಂದ ಹೆಸರಾದ ಪರ್ವಾಝ್. ಕಾಲೇಜುಗಳವರು ಅವರನ್ನೂ ಮರೆಯಬಾರದು. ಅವರೂ ನಮ್ಮ ಊರಿನವರೇ.

ಇನ್ನು ಹುಡುಕುವ ಬಗೆ. ಇದರಲ್ಲಿ ನನಗೆ ಫಲ ಕೊಟ್ಟ ದಾರಿಗಳನ್ನಷ್ಟೇ ಹೇಳುತ್ತೇನೆ. ಮೊದಲನೆಯದಾಗಿ, ರಂಗಭೂಮಿಯವರನ್ನು ಕೇಳಿ. ನೀನಾಸಂ ತಿರುಗಾಟ ನಿಮ್ಮ ಊರಿಗೆ ಬಂದಾಗ ನಾಟಕ ಮುಗಿದ ಮೇಲೆ ಹಾರ್ಮೋನಿಯಂ ನುಡಿಸಿದವರನ್ನು, ಮೇಳದಲ್ಲಿ ಹಾಡಿದವರನ್ನು ಮಾತಾಡಿಸಿ. ಬಿ.ವಿ. ಕಾರಂತರು ತೋರಿಸಿಕೊಟ್ಟ ದಾರಿಯಿಂದಾಗಿ ಕನ್ನಡ ರಂಗಭೂಮಿಯಲ್ಲಿ ಹಾಡು ಕಟ್ಟುವವರ ದೊಡ್ಡ ಪಡೆಯೇ ಇದೆ. ಅವರಲ್ಲಿ ಬಹುತೇಕರು ನಾಟಕದ ಹೊರಗೂ ಹಾಡುತ್ತಾರೆ, ಆದರೆ ಅವರ ಹೆಸರು ನಾಟಕದ ಕರಪತ್ರದ ಕೊನೆಯ ಸಾಲಿನಲ್ಲಿ ಮಾತ್ರ ಇರುತ್ತದೆ. ಆ ಸಾಲನ್ನು ಓದುವ ಅಭ್ಯಾಸ ಬೆಳೆಸಿಕೊಳ್ಳಿ. ಹಾಗೆಯೇ ಇಷ್ಟವಾದ ಯಾವ ಹಾಡಿನ ಕೆಳಗೂ ಯಾರು ಬರೆದರು, ಯಾರು ನುಡಿಸಿದರು, ಎಲ್ಲಿ ರೆಕಾರ್ಡ್ ಆಯಿತು ಎಂದು ನೋಡಿ. ಒಬ್ಬ ಒಳ್ಳೆಯ ಕೊಳಲು ವಾದಕರ ಹೆಸರು ಹಿಡಿದು ಹೋದರೆ ಹಲವು ತಂಡಗಳ ಮನೆಬಾಗಿಲು ಸಿಗುತ್ತದೆ. ನಿಮ್ಮ ಜಿಲ್ಲಾ ಕೇಂದ್ರದ ರೆಕಾರ್ಡಿಂಗ್ ಸ್ಟುಡಿಯೋದವರಿಗೂ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರಿಗೂ ಯಾರು ನಿಜವಾಗಿ ಚೆನ್ನಾಗಿ ಹಾಡುತ್ತಾರೆ ಎಂಬುದು ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಊರಿನ ಹೆಸರಿನಿಂದಲೇ ಕಲಾವಿದರನ್ನು ಹುಡುಕಬಹುದು. ಬೆಂಗಳೂರು ಎಂದು ಹುಡುಕಿದರೆ ನೀವು ಕೇಳಿಯೇ ಇರದ ಹತ್ತಾರು ತಂಡಗಳು ಸಿಗುತ್ತವೆ. ಅಲ್ಲಿ ಆಲ್ಬಂ ಕೊಂಡರೆ ದುಡ್ಡಿನ ಬಹುಪಾಲು ನೇರ ಕಲಾವಿದರಿಗೇ ಹೋಗುತ್ತದೆ.

ಆದರೆ ರೆಕಾರ್ಡಿಂಗ್ ಕೇಳಿ ತೀರ್ಮಾನಿಸಬೇಡಿ. ಹೋಗಿ ಎದುರಿಗೆ ಕೇಳಿ. ಸ್ಟುಡಿಯೋದಲ್ಲಿ ಚೆಂದವಾಗಿ ಕೇಳಿಸುವವರು ವೇದಿಕೆಯಲ್ಲಿ ತಡವರಿಸುವುದುಂಟು, ಮೊಬೈಲಿನಲ್ಲಿ ಸಾಧಾರಣ ಅನ್ನಿಸಿದವರು ಜನರೆದುರು ನಿಂತಾಗ ಬೇರೆಯೇ ಮನುಷ್ಯರಾಗುವುದುಂಟು. ಸಮಿತಿಯ ಇಬ್ಬರು ಸದಸ್ಯರು ವರ್ಷದಲ್ಲಿ ನಾಲ್ಕಾರು ಕಾರ್ಯಕ್ರಮಗಳಿಗೆ ಟಿಕೆಟ್ ಕೊಂಡು ಹೋಗಿ ಕೇಳಲಿ. ಬೆಂಗಳೂರಿನ ರಂಗಶಂಕರ, ಹನುಮಂತನಗರದ ಕೆ.ಎಚ್. ಕಲಾಸೌಧದಿಂದ ಹಿಡಿದು ಧಾರವಾಡ, ಮೈಸೂರು, ಹೆಗ್ಗೋಡಿನ ತನಕ ಕೇಳುವ ಜಾಗಗಳಿಗೆ ಕೊರತೆಯಿಲ್ಲ. ಹಿಂದಿದ್ದ ಕೆಲವು ಜಾಗಗಳು ಹೋಗಿವೆ ನಿಜ. ಬ್ಯಾಂಡುಗಳಿಗೆ ನೆಲೆಯಾಗಿದ್ದ ಇಂದಿರಾನಗರದ ಹಮ್ಮಿಂಗ್‌ಟ್ರೀ 2019ರಲ್ಲಿ ಬಾಗಿಲು ಹಾಕಿತು. ಇಂಥ ಜಾಗಗಳು ಮುಚ್ಚಿದಾಗಲೆಲ್ಲ ಸಾರ್ವಜನಿಕ ವೇದಿಕೆಗಳ ಜವಾಬ್ದಾರಿ ಹೆಚ್ಚಾಗುತ್ತದೆ ಎಂದೇ ನಾನು ತಿಳಿದಿದ್ದೇನೆ.

ಸಮಿತಿಯಲ್ಲಿ ಹೊಸಬರ ಹೆಸರು ಮುಂದಿಡುವಾಗ ಐವತ್ತು ಹಾಡುಗಳ ಲಿಂಕ್ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಯಾರೂ ತೆರೆಯುವುದಿಲ್ಲ. ಒಂದೇ ಹಾಡು ಆರಿಸಿ. ಸಭೆ ಶುರುವಾಗುವ ಮುಂಚೆ, ಕಾಫಿ ಬರುವ ಹೊತ್ತಿಗೆ, ಒಳ್ಳೆಯ ಸ್ಪೀಕರಿನಲ್ಲಿ ಪೂರ್ತಿಯಾಗಿ ಕೇಳಿಸಿ. ಖಜಾಂಚಿಗೆ ಶರೀಫರು ಇಷ್ಟವೆಂದು ಗೊತ್ತಿದ್ದರೆ ಅವರಿಗೆ ತತ್ವಪದದವರನ್ನು ಕೇಳಿಸಿ. ಹಳೆಯ ಭಾವಗೀತೆಗಳ ಅಭಿಮಾನಿ ಅಧ್ಯಕ್ಷರಿಗೆ ಬಿಂದುಮಾಲಿನಿಯವರನ್ನು ಕೇಳಿಸಿ. ಆ ಮನುಷ್ಯರಿಗೆ ಈಗಾಗಲೇ ಪ್ರೀತಿಯಿರುವ ಹಾಡಿನ ಪಕ್ಕದ್ದನ್ನು ಕೊಟ್ಟರೆ ಶಿಫಾರಸು ಫಲಿಸುತ್ತದೆ. ‘ಬಹಳ ಚೆನ್ನಾಗಿದೆ’ ಎಂದಷ್ಟೇ ಹೇಳಿದರೆ ಸಾಲದು. ‘ಎರಡನೆಯ ಚರಣದಲ್ಲಿ ತಮಟೆ ಒಳಗೆ ಬರುವುದನ್ನು ಗಮನಿಸಿ’ ಎಂದು ಹೇಳಿದರೆ ಕೇಳುವವರು ಕಾದು ಕೂರುತ್ತಾರೆ.

ಕರೆಸಿದ ಮೇಲೆ ನಡೆದುಕೊಳ್ಳುವ ರೀತಿಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಹಾಡುಗಾರರಿಗೆ ಸಂಜೆ ಏಳಕ್ಕೆ ಎಂದು ಹೇಳಿ, ಸನ್ಮಾನ, ಭಾಷಣ, ದಾನಿಗಳಿಗೆ ಶಾಲು ಹಾರ ಎಲ್ಲ ಮುಗಿಸಿ, ಒಂಬತ್ತೂವರೆಗೆ ಅವರನ್ನು ವೇದಿಕೆಗೆ ಹತ್ತಿಸುವುದು ನಮ್ಮಲ್ಲಿ ರೂಢಿಯಾಗಿದೆ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ 2000ದಿಂದ ಇದೆ. ಸರ್ಕಾರ ವಿಶೇಷ ದಿನಗಳಿಗೆ ವಿನಾಯಿತಿ ಕೊಟ್ಟರೆ ಮಾತ್ರ ಮಧ್ಯರಾತ್ರಿ ತನಕ ಅವಕಾಶ. ಇನ್ನೂರು ಕಿಲೋಮೀಟರು ಪ್ರಯಾಣ ಮಾಡಿ ಬಂದ ತಂಡ ನಾಲ್ಕು ಹಾಡು ಹಾಡಿ, ಪೊಲೀಸರು ಬಂದು ನಿಂತಾಗ ವಾದ್ಯ ಕಟ್ಟಿಕೊಂಡು ಹೋಗುವುದನ್ನು ನೋಡಿ ಹೊಟ್ಟೆ ಉರಿದಿದೆ. ಅವರ ಗಂಟೆಯನ್ನು ಭಾಷಣಕ್ಕಿಂತ ಮುಂಚೆಯೇ ಇಡಿ. ಏಳೂವರೆಯಿಂದ ಎಂಟೂವರೆ ಒಳ್ಳೆಯ ಹೊತ್ತು. ಹೆಂಗಸರು, ಮಕ್ಕಳು, ಅಂಗಡಿ ಮುಚ್ಚಿ ಬಂದವರು ಎಲ್ಲರೂ ಇರುತ್ತಾರೆ. ಸಿನಿಮಾ ಹಾಡಿನ ಆರ್ಕೆಸ್ಟ್ರಾ ಅದರ ಹಿಂದೆ ಬರಲಿ. ಜನ ಅದಕ್ಕಾಗಿ ಹೇಗೂ ಕಾಯುತ್ತಾರೆ.

ಸೌಂಡ್ ಚೆಕ್‌ಗೆ ಮಧ್ಯಾಹ್ನವೇ ಸಮಯ ಕೊಡಿ. ಆರ್ಕೆಸ್ಟ್ರಾದವರು ಟ್ರ್ಯಾಕ್ ಹಾಕಿ ಹಾಡಿಬಿಡಬಲ್ಲರು, ಏಳು ಜನ ಏಳು ವಾದ್ಯ ನುಡಿಸುವ ತಂಡಕ್ಕೆ ಆ ಅನುಕೂಲವಿಲ್ಲ. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸುವಂತೆ ಮಾನಿಟರ್ ಬಾಕ್ಸ್ ಇರಲೇಬೇಕು. ಜನರ ಕಡೆ ಮುಖ ಮಾಡಿದ ದೊಡ್ಡ ಬಾಕ್ಸುಗಳನ್ನು ಎರಡು ಕಡಿಮೆ ಮಾಡಿಯಾದರೂ ಅದನ್ನು ಕೊಡಿ. ಸಂಭಾವನೆಯ ವಿಷಯದಲ್ಲಿ ‘ನಿಮಗೂ ಪ್ರಚಾರ ಸಿಗುತ್ತದಲ್ಲ’ ಎಂಬ ಮಾತನ್ನು ದಯವಿಟ್ಟು ಬಾಯಿಗೆ ತರಬೇಡಿ. ಶಾಮಿಯಾನದವರಿಗೆ, ಅಡುಗೆಯವರಿಗೆ ಹೇಳದ ಮಾತನ್ನು ಹಾಡುಗಾರರಿಗೆ ಏಕೆ ಹೇಳಬೇಕು? ಎಷ್ಟು ಕೊಡಬಲ್ಲಿರಿ ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಅರ್ಧ ಮುಂಗಡ ಕೊಡಿ, ಉಳಿದದ್ದನ್ನು ಅವರು ಊಟಕ್ಕೆ ಕೂರುವ ಮುಂಚೆ ಕೊಡಿ. ಕಡಿಮೆ ಇದ್ದರೆ ಕಡಿಮೆ ಎಂದೇ ಹೇಳಿ. ಬಹುತೇಕರು ಒಪ್ಪಿಕೊಂಡು ಬರುತ್ತಾರೆ. ಕೊಡುತ್ತೇನೆಂದು ಹೇಳಿ ಕೊಡದಿದ್ದಾಗಲೇ ಅವರ ಮನಸ್ಸು ಮುರಿಯುವುದು. ಬ್ಯಾನರಿನ ಮೇಲೆ ದಾನಿಗಳ ಫೋಟೋಗಳ ನಡುವೆ ತಂಡದ ಹೆಸರಿಗೂ ಕಣ್ಣಿಗೆ ಕಾಣುವಷ್ಟು ಜಾಗ ಮಾಡಿ. ನಿರೂಪಕರು ಪ್ರತಿ ಹಾಡಿಗೂ ಬರೆದವರ, ರಾಗ ಹಾಕಿದವರ ಹೆಸರು ಹೇಳಲಿ. ಮನೆಗೆ ಹೋದವರು ಆ ಹಾಡನ್ನು ಹುಡುಕಬೇಕಾದರೆ ಹೆಸರು ಗೊತ್ತಿರಬೇಕಲ್ಲವೇ?

ನಡುವೆ ಯಾರಾದರೂ ಎದ್ದು ‘ಸಿನಿಮಾ ಹಾಡು ಹಾಡ್ರೀ’ ಎಂದು ಕೂಗಿದರೆ? ಕೂಗುತ್ತಾರೆ. ಆಗ ಸಮಿತಿಯವರು ವೇದಿಕೆ ಹತ್ತಿ ಹಾಡುಗಾರರ ಕಿವಿಯಲ್ಲಿ ‘ಒಂದಾದರೂ ಹಾಡಿಬಿಡಿ’ ಎಂದು ಪಿಸುಗುಟ್ಟಬಾರದು. ಮೈಕ್ ತೆಗೆದುಕೊಂಡು, ‘ಒಂಬತ್ತಕ್ಕೆ ಆರ್ಕೆಸ್ಟ್ರಾ ಇದೆ, ಅಲ್ಲಿಯ ತನಕ ಇವರು ನಮ್ಮ ಅತಿಥಿಗಳು’ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಕರೆಸಿದವರು ಬೆನ್ನಿಗೆ ನಿಂತರೆ ಜನರೂ ಸುಮ್ಮನಾಗುತ್ತಾರೆ.

ಹೊರನಾಡಿನ, ಹೊರದೇಶದ ಕನ್ನಡ ಕೂಟಗಳವರಿಗೆ ಎರಡು ಮಾತು ಬೇರೆಯಾಗಿ. ನಿಮ್ಮ ದೊಡ್ಡ ಸಮ್ಮೇಳನಗಳಿಗೆ ಸಿನಿಮಾ ತಾರೆಯರು, ಹಿನ್ನೆಲೆ ಗಾಯಕರು ವಿಮಾನ ಹತ್ತಿ ಬರುತ್ತಾರೆ. ಅವರ ಜೊತೆ ತಮ್ಮದೇ ಹಾಡಿರುವ ಒಬ್ಬರೋ ಇಬ್ಬರೋ ಬರಲಿ. ಒಂದು ಏಕತಾರಿ, ಒಂದು ಗಿಟಾರಿನೊಂದಿಗೆ ಬರುವವರನ್ನು ಒಂದು ಊರಿನ ಕೂಟ ಕರೆಸಿದರೆ, ಅಕ್ಕಪಕ್ಕದ ಊರಿನ ಕೂಟಗಳು ಸೇರಿ ಖರ್ಚು ಹಂಚಿಕೊಂಡು ವಾರಾಂತ್ಯಗಳಲ್ಲಿ ಮನೆಯಂಗಳದ ಕಾರ್ಯಕ್ರಮ ಮಾಡಬಹುದು. ಅಲ್ಲಿ ಹುಟ್ಟಿ ಬೆಳೆದ ನಿಮ್ಮ ಮಕ್ಕಳಿಗೆ ಸಿನಿಮಾದ ಡ್ಯಾನ್ಸ್ ಹಾಡಿಗಿಂತ, ತಮ್ಮ ವಯಸ್ಸಿನವರೇ ಇವತ್ತು ಕನ್ನಡದಲ್ಲಿ ಹಾಡು ಬರೆಯುತ್ತಿದ್ದಾರೆ ಎಂಬ ಸಂಗತಿ ಹೆಚ್ಚು ಹತ್ತಿರವಾಗುತ್ತದೆ. ಅವರಲ್ಲಿ ಕೆಲವರು ತಾವೂ ಬರೆಯಲು ಕೂರುತ್ತಾರೆ.

ನಾನು ಹೇಳಿದ ಹೆಸರುಗಳಲ್ಲಿ ಕರಾವಳಿಯವರು, ಮಲೆನಾಡಿನವರು ಬಹಳ ಕಡಿಮೆ. ಕೊಡಗು, ಬೀದರ್, ರಾಯಚೂರಿನವರು ಇಲ್ಲವೇ ಇಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಡಮಾಮಿ, ಚಾಮರಾಜನಗರದ ನೀಲಗಾರರ ತಂಬೂರಿ ಪದ, ಮಂಗಳೂರಿನ ತುಳು, ಕೊಂಕಣಿ, ಬ್ಯಾರಿ ಹಾಡುಗಳಿಗೆ ಈ ಪತ್ರದಲ್ಲಿ ನಾನು ನ್ಯಾಯ ಮಾಡಿಲ್ಲ. ಆ ಕೆಲಸವನ್ನು ಆಯಾ ಊರಿನವರಾದ ನೀವೇ ಮಾಡಬೇಕು. ನಿಮ್ಮ ತಾಲ್ಲೂಕಿನಲ್ಲಿ ತಮ್ಮದೇ ಹಾಡು ಹಾಡುವವರ ಹೆಸರು, ಅವರ ಒಂದು ಒಳ್ಳೆಯ ಹಾಡು, ಕರೆಸಲು ಏನು ಬೇಕಾಗುತ್ತದೆ ಎಂಬ ವಿವರ ಇಷ್ಟನ್ನು ಬರೆದು ಪಕ್ಕದ ತಾಲ್ಲೂಕಿನ ಸಮಿತಿಗೆ ಕಳಿಸಿ. ಅವರು ಅವರ ಪಟ್ಟಿಯನ್ನು ನಿಮಗೆ ಕಳಿಸಲಿ. ಈ ಸೆಪ್ಟೆಂಬರಿನ ಸಭೆಯ ಕಾರ್ಯಸೂಚಿಯಲ್ಲಿ ಆರ್ಕೆಸ್ಟ್ರಾ ಎಂಬ ಸಾಲಿನ ಮೇಲೆ ಇನ್ನೊಂದು ಸಾಲು ಸೇರಿಸಿ, ಅದರ ಮುಂದೆ ಒಬ್ಬರ ಹೆಸರು ಬರೆದು, ಅವತ್ತೇ ಅವರಿಗೆ ಫೋನ್ ಮಾಡಿ.

ಇಂತು ನಿಮ್ಮ ಕಾರ್ಯಕ್ರಮಗಳ ಕಾಯಂ ಕೇಳುಗರಲ್ಲಿ ಒಬ್ಬರು